ಮೊದಲ ಪಟದ ಹಗ್ಗ

ಹಗ್ಗದ ವಿಚಾರವನ್ನು ಹಗ್ಗ ಹಿಡಿದು ಅಂಗೈ ಸುಟ್ಟುಕೊಂಡವರೇ ಹೇಳಬೇಕು. ಜಪಾನಿನ ಹಮಾಮಾತ್ಸುವಿನಲ್ಲಿ ಇಷ್ಟು ಕಾಲ ಬಾಳಿಯೂ ನಾನು ಗಾಳಿಪಟದ ಹಬ್ಬವನ್ನು ಮರಳಿನ ಅಂಚಿನಲ್ಲಿ ನಿಂತು ನೋಡಿದವನಷ್ಟೇ. ಹೇಳಹೊರಟ ಧಾರ್ಷ್ಟ್ಯಕ್ಕೆ ಕ್ಷಮೆಯಿರಲಿ. ಬಲ್ಲವರು ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

"ಇದು ತಾನಾಗಿ ಕಡಿದದ್ದಲ್ಲ. ಕೊಯ್ದದ್ದು," ಎಂದಳು ಸುಮಿಯೆ.

ಅವಳ ಅಂಗೈ ಮೇಲೆ ಸೆಣಬಿನ ಹಗ್ಗದ ತುದಿಯಿತ್ತು. ನಿನ್ನೆ ಈ ಹಗ್ಗವೇ ಕಡಿದು, ತಾಕೆಜಾಕಿ ಕೇರಿಯ ಯಜಮಾನ ಕಾಮಿಯಾನ ಮೊಮ್ಮಗ ಇಬುಕಿ ಹುಟ್ಟಿದ ಸಂತೋಷಕ್ಕೆ ಕೇರಿಯೆಲ್ಲ ಸೇರಿ ಹಾರಿಸಿದ ಅವನ ಮೊದಲ ಪಟ ಕಡಲ ಮೇಲೆ ತೇಲಿಹೋಗಿ ಕಣ್ಮರೆಯಾಗಿತ್ತು.

ಮೂರು ಎಳೆ ಹೊಸೆದ ಹಗ್ಗ. ಎರಡು ಎಳೆಗಳ ತುದಿ ಬೆಣ್ಣೆ ಕೊಯ್ದ ಹಾಗೆ ನುಣುಪಾಗಿತ್ತು. ಮೂರನೆಯದು ಮಾತ್ರ ಭಾರ ತಾಳದೆ ಹರಿದು, ನಾರು ನಾರಾಗಿ ಕೆದರಿಕೊಂಡಿತ್ತು.

"ನಾನು ನಿನ್ನೆಯಿಂದ ಬಡ್ಕೊಂತಿರೋದು ಅದೇ ತಾನೇ!" ಕಾಮಿಯಾ ಗುಡುಗಿದ. ಕೇರಿಯ ನೀಲಿ ಅಂಗಿಯ ಬೆನ್ನ ಮೇಲೆ ದೊಡ್ಡದಾಗಿ ಬರೆದ ಕೊಡಲಿಯ ಗುರುತು ಅವನ ಉಸಿರಿನ ಜೊತೆ ಏರಿಳಿಯಿತು. "ಪಕ್ಕದ ಸಿಗಡಿ ಕೇರಿಯವರದ್ದೇ ಕೆಲಸ. ಮಧ್ಯಾಹ್ನದ ತುತ್ತೂರಿ ಊದಲಿ, ಹಿರಿಯರ ಡೇರೆಗೆ ಹೋಗಿ ಎಲ್ಲರೆದುರು ಅವರ ಹೆಸರು ಹೇಳ್ತೀನಿ."

"ಸಾಕ್ಷಿ ಎಲ್ಲಿ ಭಾವ?"

"ಮೂವತ್ತು ವರ್ಷ ಒಸಾಕಾದಲ್ಲಿ ಪೊಲೀಸ್ ಕೆಲಸ ಮಾಡ್ದೋಳು ನೀನು. ಸಾಕ್ಷಿ ಹುಡುಕೋದು ನಿನ್ನ ಪಾಡು. ಹೇಳೋದು ನನ್ನ ಪಾಡು."

ಸುಮಿಯೆ ಆ ತುದಿಯನ್ನು ಗೇಣುದ್ದ ಕತ್ತರಿಸಿಕೊಂಡು ಕಿಸೆಗಿಟ್ಟಳು. ಹುಟ್ಟಿದ ಕೇರಿಗೆ ನೆಂಟಳಾಗಿ ಬಂದವಳು ಅವಳು. ಬಾಲ್ಯದ ಗೆಳತಿ, ಕಾಮಿಯಾನ ಹೆಂಡತಿ ಫುಸಾಯೆ ಫೋನು ಮಾಡಿ ಕರೆದಿದ್ದಳು. ಮರಳ ಮೇಲೆ ಕೂತು ಹೊಸ ಚಹಾ ಕುಡಿಯುವುದು, ಹಾವುಮೀನಿನ ಅನ್ನ ಉಣ್ಣುವುದು, ತನ್ನ ಅಪ್ಪ ಹೊತ್ತು ಮೆರೆದ ಕೊಡಲಿ ಗುರುತು ಆಕಾಶಕ್ಕೇರುವುದನ್ನು ಕಣ್ತುಂಬ ನೋಡುವುದು, ಇಷ್ಟೇ ಅವಳ ಆಸೆಯಾಗಿತ್ತು.

ಈಗ ಆ ಗುರುತಿಗೇ ಸಂಚಕಾರ ಬಂದಿತ್ತು. ಎರಡು ಕೇರಿಗಳ ಹಿರಿಯರ ನಡುವೆ ಒಂದು ಹಳೆಯ ಕಟ್ಟುಪಾಡಿದೆ. ಪಟದ ಬಯಲಿನಲ್ಲಿ ಯಾರು ಯಾರ ಮೇಲೆ ಬೇಕಾದರೂ ತಮಾಷೆ ಮಾಡಬಹುದು, ಬೈಯಬಹುದು. ಆದರೆ ಮೋಸದ ಆರೋಪ ಹೊರಿಸಿ ಅದು ಸುಳ್ಳಾದರೆ, ಹೊರಿಸಿದ ಕೇರಿ ತನ್ನ ಗುರುತನ್ನು ತಾನೇ ಇಳಿಸಬೇಕು. ಯಜಮಾನ ಬದಲಾಗುವ ತನಕ ಅದು ಮತ್ತೆ ಮೇಲೇರುವಂತಿಲ್ಲ.

ಕಾಮಿಯಾ ಸಾಯುವ ತನಕ ಯಜಮಾನಿಕೆ ಬಿಡುವ ಆಸಾಮಿಯಲ್ಲ.

"ಏನು ಕೊಡಲಿಯವರೇ, ಮರ ಕಡಿಯೋದು ಬಿಟ್ಟು ಹಗ್ಗ ಕಡ್ಕೊಂಡ್ರಂತೆ?"

ಕೆಂಪು ಅಂಗಿಯ ಬೆನ್ನ ಮೇಲೆ ಸಿಗಡಿ ಬರೆಸಿಕೊಂಡ ಅಗಲ ಭುಜದ ಮನುಷ್ಯ ಮರಳ ದಿಬ್ಬ ಇಳಿದು ಬರುತ್ತಿದ್ದ. ಸಿಗಡಿ ಕೇರಿಯ ಮುಖಂಡ ತೆತ್ಸುಜಿ.

"ಸಿಗಡಿ ಬಾಯಿಗೆ ಬೀಗ ಜಡ್ಕೊಳಯ್ಯ," ಎಂದ ಕಾಮಿಯಾ.

"ಜಡ್ಕೊತೀನಿ. ಅದಕ್ಕೆ ಮುಂಚೆ ಒಂದು ಮಾತು. ನೀವು ನಮ್ಮ ಹೆಸರು ಹೇಳ್ತೀರಂತೆ, ಬಯಲಿಗೆಲ್ಲ ಗೊತ್ತಾಗಿದೆ. ನಿಮ್ಮ ಹಗ್ಗ ಕಡಿಯೋಕೆ ನಮಗೆ ಚಾಕು ಬೇಕಾ? ನಮ್ಮ ಹಗ್ಗಕ್ಕೇನು ಬರ ಬಂದಿದ್ಯಾ? ಹೋದ ವರ್ಷ ಹಗ್ಗಕ್ಕೆ ಹಗ್ಗ ಉಜ್ಜಿ, ಹೊಗೆ ಎಬ್ಬಿಸಿ, ನ್ಯಾಯವಾಗಿ ಕಡಿದಿದ್ವಲ್ಲ. ಮರೆತುಹೋಯ್ತಾ?"

"ಅದರ ಹಿಂದಿನ ವರ್ಷ ನಿಮ್ಮದು ಕಡಿದಾಗ ಅತ್ತಿದ್ದು ಯಾರೋ?"

"ನಾನೇ. ಗಳಗಳ ಅತ್ತೆ. ನಾಚಿಕೆ ಏನಿದೆ ಅದರಲ್ಲಿ?" ತೆತ್ಸುಜಿ ಎದೆ ಮುಂದೆ ಮಾಡಿದ. ಆಮೇಲೆ ಅವನ ದನಿ ಇಳಿಯಿತು. "ಆದ್ರೆ ಮಗುವಿನ ಪಟದ ತಂಟೆಗೆ ಹೋಗೋ ಜನ ಅಲ್ಲ ನಾವು ಯಜಮಾನ್ರೇ. ಬೆಳಗಿನಿಂದ ನನ್ನ ಕೇರಿಯವರು ತೀರದ ಉದ್ದಕ್ಕೂ ನಿಮ್ಮ ಪಟ ಹುಡುಕ್ತಿದಾರೆ. ಇವತ್ತಿನ ಪಟದ ಕಾಳಗಕ್ಕೆ ಕೈ ಸಾಲದೆ ಹೋದ್ರೂ ಪರವಾಗಿಲ್ಲ ಅಂತ ನಾನೇ ಕಳ್ಸಿದೀನಿ."

"ಕದ್ದೋನೇ ಹುಡುಕೋ ನಾಟಕ ಆಡ್ತಾನೆ," ಎಂದು ಕಾಮಿಯಾ ಮುಖ ತಿರುಗಿಸಿದ.

ತೆತ್ಸುಜಿಯ ಕಣ್ಣು ಕೆಂಪಾಯಿತು. ಬೈಗುಳಕ್ಕೆ ಅವನು ಸಿದ್ಧನಾಗಿ ಬಂದಿದ್ದ, ಈ ಮಾತಿಗಲ್ಲ. ಏನೂ ಹೇಳದೆ ಬಗ್ಗಿ ನಮಸ್ಕರಿಸಿ ಹೊರಟುಹೋದ.

ಮಾತಿಲ್ಲದ ಆ ನಮಸ್ಕಾರ ಸುಮಿಯೆಯ ಮನಸ್ಸಿಗೆ ಚುಚ್ಚಿತು. ಸುಳ್ಳುಗಾರರನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವರು ಹೀಗೆ ಮಾತು ಕಳೆದುಕೊಂಡು ಹೋಗುವುದಿಲ್ಲ. ಇನ್ನೊಂದು ಮಾತು ಆಡಿಯೇ ಹೋಗುತ್ತಾರೆ.

ಹಗ್ಗ ಸುತ್ತುವ ಮರದ ಉರುಳೆ ಮರಳಿನಲ್ಲಿ ಅನಾಥವಾಗಿ ಬಿದ್ದಿತ್ತು. ಎಲ್ಲರೂ ಕಡಿದ ತುದಿಯನ್ನು ಎತ್ತಿ ನೋಡಿದ್ದರು. ಸಿಟ್ಟಿನ ಭರದಲ್ಲಿ ಉರುಳೆಯನ್ನು ಯಾರೂ ನೋಡಿರಲಿಲ್ಲ.

ಸುಮಿಯೆ ಮಂಡಿಯೂರಿ ಕೂತಳು. ಉರುಳೆಯ ಮೇಲೆ ಉಳಿದಿದ್ದದ್ದು ಬರೀ ನಾಲ್ಕೈದು ಸುತ್ತು.

ನಿನ್ನೆಯದನ್ನು ಅವಳು ಮತ್ತೆ ಕಣ್ಣಮುಂದೆ ತಂದುಕೊಂಡಳು. ಎರಡಾಳೆತ್ತರದ ಪಟ. ಅದರ ತುಂಬ ಕೊಡಲಿ. ಮೂಲೆಯಲ್ಲಿ ಮನೆತನದ ಮುದ್ರೆ, ಇಬುಕಿಯ ಹೆಸರು. ತುತ್ತೂರಿ ಮೊಳಗಿತ್ತು. ಗಂಡಸರು ಹೆಂಗಸರು ಎನ್ನದೆ ಇಡೀ ಕೇರಿ ಹಗ್ಗಕ್ಕೆ ಕೈಕೊಟ್ಟಿತ್ತು. ಸುಮಿಯೆಯ ಕಾಲದಲ್ಲಿ ಹುಡುಗಿಯರು ಹಗ್ಗ ಮುಟ್ಟುವಂತಿರಲಿಲ್ಲ. ನಿನ್ನೆ ಅವಳೂ ಹಿಡಿದಿದ್ದಳು. ಅರವತ್ತರ ಹೊಸ್ತಿಲಲ್ಲಿ, ಮೊದಲ ಸಲ. ಅಂಗೈ ಉರಿದಾಗ ಎಷ್ಟು ಹೆಮ್ಮೆಯಾಗಿತ್ತೆಂದರೆ, ಔಷಧಿ ಹಚ್ಚಿಕೊಳ್ಳಲೂ ಮನಸ್ಸು ಬಂದಿರಲಿಲ್ಲ.

ಕಾಳಗದ ಪಟಕ್ಕೆ ಇಷ್ಟು ಹಗ್ಗ ಯಾರೂ ಬಿಡುವುದಿಲ್ಲ. ಅದನ್ನು ತಗ್ಗಿನಲ್ಲೇ ಆಡಿಸುತ್ತಾರೆ, ಹಗ್ಗ ಸದಾ ಜನರ ಕೈಯಲ್ಲೇ ಇರುತ್ತದೆ. ಮಗುವಿನ ಪಟವನ್ನು ಮಾತ್ರ ಏರುವಷ್ಟು ಏರಿಸುತ್ತಾರೆ. ಪೂರ್ತಿ ಏರಿದ ಮೇಲೆ ಎಲ್ಲರೂ ಕೈಬಿಟ್ಟು ಹಿಂದೆ ಸರಿಯುತ್ತಾರೆ. ಹಗ್ಗ ಉರುಳೆಯ ಬಲದ ಮೇಲೆ ನಿಲ್ಲುತ್ತದೆ. ಆಗ ತಾಯಿ ಮಗುವನ್ನು ತಂದು ಅದರ ಅಂಗೈಯನ್ನು ಹಗ್ಗಕ್ಕೆ ಮುಟ್ಟಿಸುತ್ತಾಳೆ.

ಇಬುಕಿಯ ಪುಟ್ಟ ಕೈ ತಗುಲಿದ ಕ್ಷಣದಲ್ಲೇ ಟಪ್ ಎಂದಿತ್ತು.

ಅಂದರೆ ಕೊಯ್ದ ಜಾಗ ಉರುಳೆಯ ಒಳಸುತ್ತಿನಲ್ಲಿತ್ತು. ಅದರ ಮೇಲೆ ಉಳಿದ ಹಗ್ಗವೆಲ್ಲ ಸುತ್ತಿಕೊಂಡಿತ್ತು. ಬಯಲಿನಲ್ಲಿ ಚಾಕು ಹಿಡಿದು ಯಾರು ಹತ್ತಿರ ಬಂದಿದ್ದರೂ ಅಲ್ಲಿಗೆ ಕೈ ತಲುಪುತ್ತಿರಲಿಲ್ಲ. ಕೊಯ್ದದ್ದು ಹಗ್ಗ ಸುತ್ತುವಾಗಲೇ.

ಸುಮಿಯೆ ಉರುಳೆಯಿಂದ ಕೈ ಹಿಂದೆಗೆದಳು.

ಏಕೆಂದರೆ ಮಗುವಿನ ಹಗ್ಗವನ್ನು ತಾಕೆಜಾಕಿ ಕೇರಿಯಲ್ಲಿ ಇಬ್ಬರೇ ಸುತ್ತುತ್ತಾರೆ. ಹಿಂದಿನ ದಿನ, ಕೇರಿಯ ಮನೆಯಲ್ಲಿ, ಪಟವನ್ನು ಗೋಡೆಗೆ ಒರಗಿಸಿಟ್ಟುಕೊಂಡು, ಬಾಗಿಲು ಹಾಕಿಕೊಂಡು. ಒಬ್ಬ ಹಗ್ಗದ ಹಿರಿಯ. ಇನ್ನೊಬ್ಬ ಮಗುವಿನ ಅಜ್ಜ. ಮೂರನೆಯವರು ಹೊಸ್ತಿಲು ದಾಟುವಂತಿಲ್ಲ. ಪದ್ಧತಿ ಎಷ್ಟು ದೊಡ್ಡದೆಂದರೆ, ಆ ಕೋಣೆಯ ಮೇಲೆ ಸಂಶಯಪಡಬಹುದೆಂದೂ ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ನಿನ್ನೆಯಿಂದ ಹೊಳೆದಿರಲಿಲ್ಲವಲ್ಲ!

ಸೂರ್ಯ ನೆತ್ತಿಗೆ ಬರುತ್ತಿದ್ದ. ತುತ್ತೂರಿಯವರು ಊದುಬಾಯಿ ಒರೆಸಿಕೊಳ್ಳುತ್ತಿದ್ದರು.

ಹಗ್ಗದ ಹಿರಿಯ ಗೆನ್‌ಜೊ ಪೈನ್ ಮರಗಳ ನೆರಳಿನಲ್ಲಿ, ಕಡಲಿಗೆ ಬೆನ್ನು ಮಾಡಿ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಅಂಗೈ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿ. ನಿನ್ನೆಯಿಂದ ಅವನು ಯಾರ ಜೊತೆಯೂ ಮಾತಾಡಿರಲಿಲ್ಲ, ಉಂಡೂ ಇರಲಿಲ್ಲ.

"ಬಾ ಪೊಲೀಸಮ್ಮ," ಎಂದ ತಿರುಗಿ ನೋಡದೆ. "ನೀನು ಬರೋ ಹೊತ್ತಾಯ್ತು ಅಂದ್ಕೊಂಡಿದ್ದೆ."

"ನಡಿಗೆ ಸದ್ದಲ್ಲೇ ಗುರುತು ಹಿಡೀತೀಯಾ ಗೆನ್‌ಜೊಣ್ಣ?"

"ಮರಳಲ್ಲಿ ಬಾತುಕೋಳಿ ಥರ ನಡೆಯೋಳು ನೀನೊಬ್ಬಳೇ. ಚಿಕ್ಕೋಳಿದ್ದಾಗಲೂ ಹಂಗೇ."

ಅವಳು ಪಕ್ಕದಲ್ಲಿ ಕೂತಳು. ನಗಬೇಕೆನಿಸಿತು, ಆಗಲಿಲ್ಲ. "ಕೊಯ್ದಿರೋದು ಉರುಳೆಯ ಒಳಸುತ್ತಲ್ಲಿ," ಎಂದಳು.

ಗಾಳಿ ಪೈನ್ ಎಲೆಗಳ ನಡುವೆ ಸುಯ್ಗುಟ್ಟಿತು. ನಿನ್ನೆಯಂತೆಯೇ ನೆಲದಿಂದ ಕಡಲಿಗೆ ಬೀಸುವ ಗಾಳಿ.

"ಸುತ್ತಿದ್ದು ನೀವಿಬ್ಬರೇ."

"ಹೂಂ."

"ಹಾಗಾದ್ರೆ?"

"ನಾನೇ ಕೊಯ್ದೆ," ಎಂದ ಗೆನ್‌ಜೊ. ಇಷ್ಟು ಹೊತ್ತು ಬಾಯಲ್ಲಿಟ್ಟುಕೊಂಡಿದ್ದ ಕಲ್ಲನ್ನು ಉಗಿದ ಹಾಗೆ. "ಹೋಗಿ ಹೇಳು. ಸಿಗಡಿಯವರ ತಪ್ಪಿಲ್ಲ, ಗೆನ್‌ಜೊ ಮುದುಕನ ತಲೆ ಕೆಟ್ಟಿತ್ತು ಅಂತ ಹೇಳು. ತುತ್ತೂರಿ ಊದೋಕೆ ಮುಂಚೆ ಹೇಳು."

"ಯಾಕೆ ಕೊಯ್ದೆ?"

"ಹೊಟ್ಟೆಕಿಚ್ಚು. ನನಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ. ಸಾಕಾ?"

"ಕೇರಿಯ ಪ್ರತಿ ಮಗುವಿನ ಪಟಕ್ಕೂ ಹಗ್ಗ ಸುತ್ತಿದ್ದೀಯಲ್ಲ. ಇಷ್ಟು ವರ್ಷ ಎಲ್ಲಿತ್ತು ಆ ಕಿಚ್ಚು?"

"ಬೂದಿ ಮುಚ್ಕೊಂಡಿತ್ತು. ನೀನೇನು ನನ್ನ ಹೊಟ್ಟೆ ಒಳಗೆ ಇಣುಕಿ ನೋಡಿದ್ಯಾ?"

"ಯಾತರಲ್ಲಿ ಕೊಯ್ದೆ?"

ಅವನು ಸೊಂಟದ ಚಾಕು ಕಿತ್ತು ಮರಳಿಗೆ ಎಸೆದ. "ಇದರಲ್ಲೇ."

"ಎಷ್ಟು ಎಳೆ?"

ಮುದುಕ ಚಾಕುವಿನತ್ತ ನೋಡಿದ. "ಒಂದು. ಒಂದು ಕೊಯ್ದ್ರೆ ಸಾಕು. ಉಳಿದದ್ದು ಗಾಳಿ ನೋಡ್ಕೊಳತ್ತೆ."

ಸುಮಿಯೆ ಕಿಸೆಯಿಂದ ಹಗ್ಗದ ತುದಿ ತೆಗೆದು ಅವನ ಮೊಣಕಾಲ ಮೇಲಿಟ್ಟಳು. ಮುದುಕ ಅದನ್ನು ನೋಡಲೊಲ್ಲ. ಅವಳು ಅವನ ಕೈಹಿಡಿದು ಬೆರಳುಗಳನ್ನು ತುದಿಗೆ ಮುಟ್ಟಿಸಿದಳು. ಬೆರಳು ಒಂದು ನುಣುಪಾದ ಎಳೆಯನ್ನು ಸವರಿತು. ಪಕ್ಕದ್ದನ್ನು ಸವರಿತು. ಅಲ್ಲೇ ನಿಂತಿತು.

"ಎರಡು," ಎಂದಳು ಅವಳು. "ನೀನು ಈ ತುದಿನ ಇವತ್ತಿನ ತನಕ ನೋಡೇ ಇಲ್ಲ ಗೆನ್‌ಜೊಣ್ಣ."

"ಧೈರ್ಯ ಬರ್ಲಿಲ್ಲ ಕಣಮ್ಮ," ಎಂದ ಗೆನ್‌ಜೊ. "ನಾನು ಸುತ್ತಿದ ಹಗ್ಗ ಅದು. ಹೆಣದ ಮುಖ ನೋಡ್ದಂಗೆ ಆಗತ್ತೆ."

"ಸುತ್ತೋವಾಗ ಕಾಮಿಯಾ ಭಾವನ್ನ ಒಬ್ಬರನ್ನೇ ಬಿಟ್ಟಿದ್ಯಾ?"

"ಮೊದಲ ನಾಲ್ಕು ಸುತ್ತು ಆದ್ಮೇಲೆ ಹಗ್ಗಕ್ಕೆ ಚಿಮುಕಿಸೋಕೆ ಅಕ್ಕಿ ಮದ್ಯ ತರ್ಬೇಕು. ತರೋದು ಹಗ್ಗದೋನೇ. ಹೋದೆ, ಬಂದೆ. ಬಂದಾಗ ಕಾಮಿಯಾ ಪಟದ ಮೂಲೆ ಹಿಂದೆ ದೀಪ ಹಿಡಿದು ನೋಡ್ತಾ ನಿಂತಿದ್ದ. ಮುಖ ಸುಣ್ಣ ಬಳಿದಂಗಿತ್ತು. ಖುಷಿಗೆ ಅಂದ್ಕೊಂಡೆ. ಮೊಮ್ಮಗನ ಪಟ ಅಲ್ವಾ? ಅದೂ ಪಟ ಕಟ್ಟೋ ಮಿಝೊಗುಚಿ ಅಜ್ಜ ಸಾಯೋಕೆ ಮುಂಚೆ ಕಟ್ಟಿದ ಕೊನೇ ಪಟ."

"ಹಾಗಿದ್ರೆ ನೀನ್ಯಾಕೆ ಮೈಮೇಲೆ ಎಳ್ಕೊತೀಯಾ? ಅವರ ಮರ್ಯಾದೆ ಉಳಿಸೋಕಾ?"

ಗೆನ್‌ಜೊ ಮೊದಲ ಬಾರಿಗೆ ಅವಳತ್ತ ತಿರುಗಿದ. ಕಣ್ಣಲ್ಲಿ ನೀರಿತ್ತು, ಆದರೆ ಕತ್ತು ನೆಟ್ಟಗಿತ್ತು.

"ಅವನ ಮರ್ಯಾದೆ ಕಟ್ಕೊಂಡು ನನಗೇನಾಗ್ಬೇಕು? ಕೊಡಲಿ ಮರ್ಯಾದೆ ನನ್ನದು. ಹಗ್ಗದೋನು ತಪ್ಪು ಮಾಡ್ದ ಅಂದ್ರೆ ಹಗ್ಗದೋನ್ನ ಬದಲಾಯಿಸ್ತಾರೆ, ಕೇರಿ ಉಳಿಯತ್ತೆ. ಯಜಮಾನನೇ ಮೊಮ್ಮಗನ ಹಗ್ಗ ಕೊಯ್ದು ಪಕ್ಕದ ಕೇರಿ ತಲೆಗೆ ಕಟ್ಟಿದ ಅಂದ್ರೆ? ಏನು ಉಳಿಯತ್ತೆ ಹೇಳು. ಮೂರು ತಲೆಮಾರು ಈ ಬಯಲಲ್ಲಿ ತಲೆ ಎತ್ತಿ ನಡೆದಿದ್ದೀವಿ. ಸೋತಾಗಲೂ ಎತ್ತೇ ನಡೆದಿದ್ದೀವಿ."

ಸುಮಿಯೆಗೆ ಅವನ ಕಾಲಿಗೆ ಬೀಳಬೇಕೆನಿಸಿತು, ಎರಡು ಬಾರಿಸಬೇಕೆಂದೂ ಅನಿಸಿತು. ತನ್ನ ಕೇರಿಯಲ್ಲಿ ಇಂಥ ಜನ ಇದ್ದಾರಲ್ಲ ಎಂಬ ಹೆಮ್ಮೆ ಎದೆ ತುಂಬಿತು.

"ಸುಳ್ಳು ಹೇಳಿ ತಲೆ ಎತ್ತೋಕಾಗಲ್ಲ ಗೆನ್‌ಜೊಣ್ಣ," ಎಂದಳು ಕೊನೆಗೆ. "ನಿನ್ನಂಥೋನ ಹೆಸರಿಗೆ ಮಸಿ ಬಳಿದು ಉಳಿಯೋ ಕೊಡಲಿ ನನಗೆ ಬೇಡ. ನಮ್ಮಪ್ಪನಿಗೂ ಬೇಡವಾಗಿತ್ತು."

ಅಷ್ಟರಲ್ಲಿ ತುತ್ತೂರಿ ಊದಿತು.

ಸುಮಿಯೆ ಎದ್ದು ಓಡಿದಳು. ಬಾತುಕೋಳಿಯೋ ಏನೋ, ಮರಳನ್ನು ಎರಚುತ್ತ ಓಡಿದಳು. ಹಿರಿಯರ ಡೇರೆಯ ಮುಂದೆ ಜನ ಸೇರಿತ್ತು. ಕಾಮಿಯಾ ಅಂಗಿ ನೆಟ್ಟಗೆ ಮಾಡಿಕೊಂಡು ಒಳಗೆ ಹೆಜ್ಜೆ ಇಡುವುದರಲ್ಲಿದ್ದ. ಪಕ್ಕದಲ್ಲಿ ಫುಸಾಯೆ, ಅವಳ ಹಿಂದೆ ಮಗುವನ್ನು ಎತ್ತಿಕೊಂಡ ಸೊಸೆ.

"ಭಾವ! ನಿಲ್ಲಿ!"

ಕಾಮಿಯಾ ತಿರುಗಿದ.

ಅವಳು ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಕೊಯ್ದಿರೋದು ಒಳಸುತ್ತಲ್ಲಿ. ಗೆನ್‌ಜೊಣ್ಣ ಮದ್ಯ ತರೋಕೆ ಹೋಗಿದ್ದಾಗ. ಈ ಬಾಗಿಲು ದಾಟಿ ಸಿಗಡಿಯವರ ಹೆಸರು ಹೇಳಿದ್ರೆ, ಹಿಂದೇನೇ ಬಂದು ನಾನು ಇದನ್ನ ಹೇಳ್ಬೇಕಾಗತ್ತೆ. ಕೊಡಲಿ ಇಳಿಯತ್ತೆ. ಇಳಿಸೋದು ನೀವು."

ಕಾಮಿಯಾ ಒಳಗೆ ಇಡಹೊರಟ ಕಾಲನ್ನು ಹಿಂದೆ ತೆಗೆದ.

ಸುಮಿಯೆ ಉಸಿರು ಬಿಟ್ಟಳು. ಕೇರಿ ಉಳಿಯಿತು ಎಂದುಕೊಂಡಳು.

ಆಗಲೇ ತೀರದ ಕಡೆಯಿಂದ ಇನ್ನೊಂದು ತುತ್ತೂರಿ ಕೇಳಿತು. ಕಾಳಗಕ್ಕೆ ಕರೆಯುವ ರಾಗವಲ್ಲ. ಮಗು ಹುಟ್ಟಿದ ಮನೆಯ ಮುಂದೆ ಊದುವ ರಾಗ. ಕೆಂಪು ಅಂಗಿಯವರು ಸಾಲಾಗಿ ಬರುತ್ತಿದ್ದರು. ಸೊಂಟದವರೆಗೆ ಒದ್ದೆ. ಅವರ ಹೆಗಲ ಮೇಲೆ, ಬಿದಿರು ಅಲ್ಲಲ್ಲಿ ಮುರಿದು, ಕಾಗದ ಅಂಚಿನಲ್ಲಿ ಹರಿದು, ನೀರು ತೊಟ್ಟಿಕ್ಕುತ್ತಿದ್ದ ಇಬುಕಿಯ ಪಟ.

ಬಯಲು ಹೋ ಎಂದಿತು. ನೀಲಿ ಅಂಗಿಯವರು ಕೆಂಪು ಅಂಗಿಯವರಿಗೆ ದಾರಿಬಿಟ್ಟು ತಲೆಬಾಗಿದರು. ಮುದುಕಿಯರು ಕಣ್ಣೊರೆಸಿಕೊಂಡರು.

ತೆತ್ಸುಜಿ ಪಟವನ್ನು ಸೊಸೆಯ ಮುಂದೆ ಇಳಿಸಿದ. "ಅಲೆ ತಳ್ಕೊಂಡು ಬಂದು ಮೀನುಗಾರರ ಬಲೆಗೆ ಸಿಕ್ಕಿತ್ತಮ್ಮ. ನಾಳೆ ಇದನ್ನ ಬಿಚ್ಚಿ ಕಾಗದ ಮನೆಮನೆಗೆ ಹಂಚಬಹುದು. ನಿಮ್ಮ ಪದ್ಧತಿ ತಪ್ಪೋದಿಲ್ಲ." ಆಮೇಲೆ ಕಾಮಿಯಾನ ಕಡೆ ನೋಡಿದ. "ಕದ್ದೋರು ತಂದುಕೊಟ್ಟಿದೀವಿ ಯಜಮಾನ್ರೇ. ಎಣಿಸಿಕೊಳ್ಳಿ."

ಸುತ್ತಲಿದ್ದವರು ನಕ್ಕರು. ಕಾಮಿಯಾ ನಗಲಿಲ್ಲ. ಅವನು ಪಟವನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಮುನ್ನುಗ್ಗಿ, ಮೂಲೆಯ ಮೇಲೆ ಎರಡೂ ಕೈ ಊರಿ ಮುಚ್ಚಲು ಹೋದ.

ತಡವಾಗಿತ್ತು. ಉಪ್ಪುನೀರಿಗೆ ಅಂಟು ಬಿಟ್ಟಿತ್ತು. ಇಬುಕಿಯ ಹೆಸರು ಬರೆದಿದ್ದ ಕಾಗದ ಬಾಳೆಯ ಸಿಪ್ಪೆಯಂತೆ ಸುಲಿದು ಕೆಳಗೆ ಜೋತುಬಿದ್ದಿತ್ತು. ಅದರ ಅಡಿಯಲ್ಲಿ ಇನ್ನೊಂದು ಕಾಗದ. ಅದೇ ಮನೆತನದ ಮುದ್ರೆ. ಅದೇ ದಪ್ಪ ಕುಂಚದ ಬರಹ. ಆದರೆ ಬೇರೆ ಹೆಸರು.

"ಕಿಯೊಹಾರು," ಎಂದು ಸೊಸೆ ಗಟ್ಟಿಯಾಗಿ ಓದಿದಳು. "ಯಾರು ಇದು ಅತ್ತೆ, ಕಿಯೊಹಾರು?"

ನಗು ನಿಂತಿತು. ಕೇರಿಗೆಲ್ಲ ಗೊತ್ತಿತ್ತು: ಕಾಮಿಯಾನಿಗೆ ಒಬ್ಬನೇ ಮಗ, ಇಬುಕಿಯ ಅಪ್ಪ ಶುಹೇಯಿ. ಅವನ ಮೊದಲ ಪಟ ಹಾರಿದ್ದನ್ನು ನೋಡಿದವರು ಅಲ್ಲೇ ಎಷ್ಟೋ ಜನ ಇದ್ದರು. ಕಿಯೊಹಾರು ಎಂಬ ಹೆಸರನ್ನು ಯಾರೂ ಕೇಳಿರಲಿಲ್ಲ.

ಫುಸಾಯೆ ಮುಂದೆ ಬಂದಳು. ಮೆಲುದನಿಯ ಹೆಂಗಸು ಅವಳು. ನಾಲ್ಕು ಜನರ ಮುಂದೆ ಮಾತಾಡಿದ್ದನ್ನು ಸುಮಿಯೆ ಕಂಡೇ ಇರಲಿಲ್ಲ. ಗಂಡನ ಕೈಗಳನ್ನು ಒಂದೊಂದಾಗಿ ಪಟದ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. ಒದ್ದೆ ಅಕ್ಷರದ ಮೇಲೆ ಅಂಗೈಯಿಟ್ಟಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಇಡೀ ಬಯಲಿಗೆ ಕೇಳುವಂತೆ ಹೇಳಿದಳು.

"ನನ್ನ ಮಗ. ನನ್ನ ಚೊಚ್ಚಲ ಮಗ. ಅವನಿಗೆ ಪಟ ಹಾರಿಸಿರಲಿಲ್ಲ. ಅದಕ್ಕೇ ಮಿಝೊಗುಚಿ ಅಜ್ಜನ ಹತ್ತಿರ ನಾನೇ ಬರೆಸಿದೆ. ತನ್ನ ತಮ್ಮನ ಮಗನ ಜೊತೆ ಅವನೂ ಒಂದ್ಸಲ ಮೇಲೆ ಹೋಗ್ಲಿ ಅಂತ. ನಿನ್ನೆ ಹೋದ. ಎಷ್ಟು ಚೆನ್ನಾಗಿ ಹೋದ, ನೋಡಿದ್ರಲ್ಲ ಎಲ್ಲರೂ."

ತೆತ್ಸುಜಿ ತಲೆಗೆ ಕಟ್ಟಿದ್ದ ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದ.

"ಫುಸಾಯೆ," ಸುಮಿಯೆ ಗೆಳತಿಯ ತೋಳು ಹಿಡಿದಳು. "ಹುಟ್ಟಿದ ಕೂಡಲೇ ಹೋಯ್ತು ಅಂದಿದ್ಯಲ್ಲ, ಆ ಮಗುವಾ?"

"ಹಾಗಂತ ಇವರು ಹೇಳಿದ್ರು. ಈ ಚಳಿಗಾಲದವರೆಗೂ ನಾನೂ ಹಾಗೇ ನಂಬಿದ್ದೆ." ಫುಸಾಯೆ ಗಂಡನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. "ಈಗ ಅವನೆಲ್ಲಿದ್ದಾನೆ ಅಂತ ಇವರನ್ನೇ ಕೇಳು."

ಕಾಮಿಯಾ ಕೊಡಲಿಯ ಗುರುತಿದ್ದ ಅಂಗಿಯನ್ನು ಮೈಯಿಂದ ಬಿಚ್ಚಿ, ಅಚ್ಚುಕಟ್ಟಾಗಿ ಮಡಚಿ, ಹೆಂಡತಿಯ ಕಾಲ ಬಳಿ ಇಟ್ಟ. ಬಿಳಿ ಒಳಂಗಿಯಲ್ಲೇ ಜನರ ನಡುವೆ ದಾರಿ ಮಾಡಿಕೊಂಡು ರಸ್ತೆಯ ಕಡೆ ನಡೆಯತೊಡಗಿದ. ತಡೆಯಬೇಕೆಂದು ಯಾರಿಗೂ ತೋಚಲಿಲ್ಲ. ಎಲ್ಲರಿಗಿಂತ ಮೊದಲು ಅವನ ಹಿಂದೆ ಹೊರಟವಳು ಸುಮಿಯೆ.

ಹಗ್ಗ ಕೊಯ್ದವರು ಯಾರೆಂಬುದು ಈಗ ಗೊತ್ತಾಗಿತ್ತು; ಪಟ ಬಿಚ್ಚಿ ಹಂಚುವಾಗ ಅಡಿಯ ಹೆಸರು ಬಯಲಾಗದಿರಲೆಂದು ಅದನ್ನು ಕಡಲಿಗೆ ಕಳಿಸಲೇ ಕೊಯ್ದದ್ದು ಎಂಬುದೂ. ಕಿಯೊಹಾರು ಬದುಕಿದ್ದಾನೆಯೇ, ಬದುಕಿದ್ದರೆ ಯಾರ ಮನೆಯಲ್ಲಿ, ಯಾವ ಹೆಸರಿನಲ್ಲಿ, ಹೆತ್ತ ಮಗುವನ್ನು ಸತ್ತಿತೆಂದು ಕಾಮಿಯಾ ಏಕೆ ಹೇಳಿದ, ಇದಾವುದೂ ಸುಮಿಯೆಗೆ ಆ ಘಳಿಗೆಯಲ್ಲಿ ಗೊತ್ತಿರಲಿಲ್ಲ. ಅವನು ಆ ರಸ್ತೆಯಲ್ಲಿ ಎಲ್ಲಿಗೆ ಹೊರಟಿದ್ದಾನೆಂಬುದೂ ಗೊತ್ತಿರಲಿಲ್ಲ.